ಒಂದು ಸಾಲಿನ ಉಪಕಾರ

ಅಂತರ್ಜಾಲದ ಬೆನ್ನೆಲುಬಿನಂತಿರುವ ಮಹಾಜಾಲಗಳ ರೂಟರುಗಳಲ್ಲಿ ಪ್ರತಿಯೊಂದೂ ಜಗತ್ತಿನ ಸಮಸ್ತ ವಿಳಾಸಗಳಿಗೂ ದಾರಿ ತೋರುವ ಒಂದು ಪಟ್ಟಿಯನ್ನು ತನ್ನ ಸ್ಮೃತಿಯಲ್ಲಿ ಧರಿಸಿರಬೇಕು. ಆ ಪಟ್ಟಿಗೆ ಎಲ್ಲಿಯೋ ಕುಳಿತು ಒಬ್ಬನು ಸೇರಿಸಿದ ಸಾಲಿನ ಭಾರವನ್ನು ಭೂಮಂಡಲದ ಇತರರೆಲ್ಲರೂ ಹೊರಬೇಕಾಗುವುದೆಂಬ ಸಂಗತಿಯನ್ನು ವಿಳಾಸಗಳ ಒಡೆಯರು ಮರೆಯುತ್ತಿರುವರೆಂಬುದೇ ನನ್ನ ಖೇದ.

ಹಿಂದೆ ಐಪಿ ವಿಳಾಸಗಳನ್ನು ವರ್ಗಗಳಾಗಿ ಹಂಚುತ್ತಿದ್ದರು: ‘ಬಿ’ ವರ್ಗದಲ್ಲಿ 65,536, ‘ಸಿ’ ವರ್ಗದಲ್ಲಿ ಬರಿಯ 256. ಎರಡು ಸಾವಿರ ಗಣಕಗಳುಳ್ಳ ವಿಶ್ವವಿದ್ಯಾನಿಲಯಕ್ಕೆ ‘ಬಿ’ ಕೊಟ್ಟರೆ ಅರುವತ್ತು ಸಾವಿರಕ್ಕೂ ಮಿಕ್ಕು ವಿಳಾಸಗಳು ಪಾಳು, ಎಂಟು ‘ಸಿ’ ಕೊಟ್ಟರೆ ಪಟ್ಟಿಗೆ ಎಂಟು ಸಾಲು. 1993ರಲ್ಲಿ ಐಇಟಿಎಫ್ ಸಂಸ್ಥೆ ಪ್ರಕಟಿಸಿದ ವರ್ಗರಹಿತ ಪದ್ಧತಿಯು, ವಿಳಾಸದ 32 ಬಿಟ್‌ಗಳಲ್ಲಿ ಜಾಲಕ್ಕೆ ಸಲ್ಲುವ ಭಾಗವೆಷ್ಟೆಂಬುದನ್ನು ಓರೆಗೆರೆಯ ಮುಂದೆ ಬರೆದು, ಈ ಇಕ್ಕಟ್ಟನ್ನು ಬಿಡಿಸಿತು.

ಅದರ ಸೊಗಸನ್ನು ಹತ್ತಿರದಿಂದ ನೋಡಬೇಕು. 152, 153, 154, 155 ಎಂಬ ನಾಲ್ಕು ಸಂಖ್ಯೆಗಳನ್ನು ದ್ವಿಮಾನದಲ್ಲಿ ಬರೆದರೆ ನಾಲ್ಕರ ಆದಿಯಲ್ಲಿಯೂ 100110 ಎಂಬ ಆರು ಅಂಕಗಳೇ ಇದ್ದು, ಕಡೆಯ ಎರಡು ಮಾತ್ರ ಬೇರೆಯಾಗುತ್ತವೆ. ಆದ್ದರಿಂದ 208.65.152ರಿಂದ 208.65.155ರವರೆಗಿನ ನಾಲ್ಕು ತುಂಡುಗಳನ್ನು 208.65.152.0/22 ಎಂಬ ಒಂದೇ ಸಾಲಿನಲ್ಲಿ ಅಡಗಿಸಬಹುದು.

ಈ ಸಾಲು ಯೂಟ್ಯೂಬಿನದಾಗಿತ್ತು. ಒಂದು ವಿಳಾಸಕ್ಕೆ ಎರಡು ಸಾಲುಗಳು ಹೊಂದಿದರೆ ಹೆಚ್ಚು ಬಿಟ್‌ಗಳಷ್ಟು ಹೊಂದುವ ಸಾಲನ್ನೇ ರೂಟರು ನಂಬುವುದು. 2008ರ ಫೆಬ್ರವರಿ 24ರಂದು, ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಹೊರಟ ಪಾಕಿಸ್ತಾನ್ ಟೆಲಿಕಾಂ ಸಾರಿದ 208.65.153.0/24 ಎಂಬ ತುಂಡು ಹೊರಗೆ ಸೋರಿ, ಸುಮಾರು ಎರಡು ಗಂಟೆಗಳ ಕಾಲ ಆ ತಾಣವು ಜಗತ್ತಿನ ಬಹುಭಾಗಕ್ಕೆ ದೊರಕದಂತಾಯಿತು. ಯೂಟ್ಯೂಬು ತಾನೂ ತುಂಡುಗಳನ್ನು ಸಾರಿಯೇ ದಾರಿಯನ್ನು ಮರಳಿ ಪಡೆಯಬೇಕಾಯಿತು.

ಆಪತ್ಕಾಲದಲ್ಲಿ ಅದು ಸರಿ. ಎರಡು ಕಡೆಯಿಂದ ಸಂಪರ್ಕ ಪಡೆದವರು ಒಡೆದು ಸಾರುವುದಕ್ಕೂ ಕಾರಣವುಂಟು. ಆದರೆ ಒಡೆಯನೊಬ್ಬನೇ, ದಾರಿಯೊಂದೇ, ಆದರೂ ಸಾಲು ನಾಲ್ಕು ಎಂಬುದಕ್ಕೆ ಸಮರ್ಥನೆಯನ್ನು ನಾನು ಕಾಣೆ. 2014ರ ಆಗಸ್ಟ್ 12ರಂದು ಪಟ್ಟಿಯು 5,12,000 ಸಾಲುಗಳನ್ನು ಮೀರಿದಾಗ, ಅಷ್ಟಕ್ಕೇ ಸ್ಮೃತಿಯನ್ನು ಗೊತ್ತುಮಾಡಿಕೊಂಡಿದ್ದ ಹಳೆಯ ರೂಟರುಗಳು ತತ್ತರಿಸಿ, ತಪ್ಪೇನನ್ನೂ ಮಾಡದವರ ಸಂಪರ್ಕಗಳು ಕಡಿದುಹೋದವು. ಈಗ ಪಟ್ಟಿಯು ಹತ್ತು ಲಕ್ಷದ ಆಸುಪಾಸಿನಲ್ಲಿದೆ. ಅದರಲ್ಲಿ ಅರ್ಧಕ್ಕೂ ಮಿಗಿಲಾಗಿ 256 ವಿಳಾಸಗಳ ತುಂಡುಗಳೇ.

ಕಳ್ಳಸಾರಿಕೆಯ ಭಯದಿಂದ ಮುಂದಾಗಿಯೇ ಒಡೆದಿಡುವೆವೆನ್ನುವವರಿಗೆ ಈಗ ಆರ್‌ಪಿಕೆಐ ಎಂಬ ಉತ್ತಮ ಉಪಾಯವಿದೆ. ಇಂತಹ ವಿಳಾಸಗಳನ್ನು ಇಂತಹ ಜಾಲವೇ, 22 ಬಿಟ್‌ಗಳಿಗಿಂತ ಸಣ್ಣದಾಗಿ ಒಡೆಯದೆ ಸಾರತಕ್ಕದ್ದೆಂದು ಒಡೆಯನು ಸಹಿಮಾಡಿ ದಾಖಲಿಸಿದರೆ, ಆ ದಾಖಲೆಯನ್ನು ಪರಿಶೀಲಿಸುವ ರೂಟರು ಅನ್ಯರು ಸಾರಿದ 24ರ ತುಂಡನ್ನು ತಿರಸ್ಕರಿಸುತ್ತದೆ. ಪಟ್ಟಿಯಲ್ಲಿ ಸಾಲು ಒಂದೇ ಉಳಿಯುತ್ತದೆ.