ಬಿಳಿ ಕಟ್ಟೆ ಬೇಕು ಅನ್ನೋ ಮುಂಚೆ

1/7

ಮನೆ ಕಟ್ಟಿಸ್ತಿರೋ ಅಥವಾ ಹಳೇ ಅಡುಗೆಮನೆ ಕಿತ್ತು ಹೊಸದು ಮಾಡಿಸ್ತಿರೋ ಮನೆಗಳಲ್ಲಿ ಈಗ ಒಂದು ಕೆಲಸ ನಮ್ಮ ವಯಸ್ಸಿನವರ ಪಾಲಿಗೆ ಬಂದಿದೆ. ಅಪ್ಪ ಮೇಸ್ತ್ರಿ ಜೊತೆ ಮಾತಾಡ್ತಾರೆ, ಸಾಲದ ಕಂತು ಲೆಕ್ಕ ಹಾಕ್ತಾರೆ. ನಾವು ಫೋನ್ ಹಿಡ್ಕೊಂಡು "ಅಮ್ಮ, ಇಲ್ಲಿ ನೋಡು, ಹೀಗೆ ಮಾಡಿಸೋಣ" ಅಂತ ಫೋಟೋ ತೋರಿಸ್ತೀವಿ. ಆ ಫೋಟೋದಲ್ಲಿ ಉದ್ದಕ್ಕೂ ಒಂದೇ ಬಿಳಿ ಕಟ್ಟೆ. ಎಲ್ಲೂ ಜಾಯಿಂಟ್ ಇಲ್ಲ, ಸಿಂಕ್ ಕೂಡ ಅದೇ ಬಿಳಿಯಲ್ಲಿ ಸೇರಿಹೋಗಿದೆ. ಮೇಲೆ ಒಂದು ಬಟ್ಟಲು ನಿಂಬೆಹಣ್ಣು, ಪಕ್ಕದಲ್ಲಿ ಹೂದಾನಿ. ಒಲೆ ಮೇಲೆ ಏನೂ ಇಲ್ಲ. ಒಗ್ಗರಣೆ ಸೌಟೂ ಇಲ್ಲ, ಕುಕ್ಕರೂ ಇಲ್ಲ.

ಅಂಥ ಕಟ್ಟೆ ಬಹಳ ಸಲ ಸಾಲಿಡ್ ಸರ್ಫೇಸ್ ಆಗಿರುತ್ತೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಇದು ಕೆಟ್ಟ ವಸ್ತು ಅಲ್ಲ, ನನಗೆ ಇಷ್ಟಾನೇ. ಆದ್ರೆ "ಮೇಂಟೆನೆನ್ಸೇ ಬೇಡ" ಅಂತ ಹೇಳಿ ಮಾರೋದು ಸರಿಯಿಲ್ಲ. ಆ ಮಾತಿನ ಬೆಲೆ ಕಟ್ಟೋದು ಫೋಟೋ ತೋರಿಸಿದ ನಾವಲ್ಲ, ದಿನಕ್ಕೆ ಹತ್ತು ಸಲ ಆ ಕಟ್ಟೆ ಒರೆಸೋರು. ಆದ್ದರಿಂದ ಕಟ್ಟೆ ಆರಿಸೋ ಹಕ್ಕು ಮೊದಲು ಅವರದ್ದು.

2/7

ಏನಿದು ಸಾಲಿಡ್ ಸರ್ಫೇಸ್? ಕಲ್ಲು ಅಂತೂ ಅಲ್ಲ. ಮೂರನೇ ಒಂದು ಭಾಗದಷ್ಟು ಅಕ್ರಿಲಿಕ್, ಉಳಿದದ್ದು ಹೆಚ್ಚಾಗಿ ಅಲ್ಯೂಮಿನಿಯಂ ಟ್ರೈಹೈಡ್ರೇಟ್ ಅನ್ನೋ ಬಿಳಿ ಪುಡಿ, ಜೊತೆಗೆ ಬಣ್ಣ. ಈ ಪುಡಿ ಬರೋದು ಬಾಕ್ಸೈಟ್ ಅದಿರಿನಿಂದ. ನಮ್ಮ ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆ ಗೊತ್ತಲ್ವಾ, ಅದೇ ವಂಶದ್ದು. 1967ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಡೊನಾಲ್ಡ್ ಸ್ಲೋಕಮ್ ಅನ್ನೋ ರಸಾಯನ ವಿಜ್ಞಾನಿ ಇದನ್ನ ಮಾಡಿದ್ರು, ಕೋರಿಯನ್ ಅನ್ನೋ ಹೆಸರು ಬಂತು. ಫೋಟೋಕಾಪಿಗೆಲ್ಲ ಜೆರಾಕ್ಸ್ ಅನ್ನೋ ಹಾಗೆ, ಇಲ್ಲಿ ಯಾವ ಕಂಪನಿಯದ್ದಾದ್ರೂ ಅಂಗಡಿಯವರು "ಕೋರಿಯನ್" ಅಂದ್ಬಿಡ್ತಾರೆ. ಹೊಸ ಅಪಾರ್ಟ್‌ಮೆಂಟ್‌ಗಳ ದೇವರಮನೇಲಿ ಹಿಂದಿನಿಂದ ಲೈಟ್ ಬಿಟ್ಟು, ಜಾಲರಿ ಥರ ಕತ್ತರಿಸಿದ ಬಿಳಿ ಮಂಟಪ ನೋಡಿರ್ತೀರಲ್ಲ? ಅದನ್ನೂ ಇದರಲ್ಲೇ ಮಾಡ್ತಾರೆ. ಮಂಟಪದ ಮುಂದೆ ಯಾರೂ ಕುಕ್ಕರ್ ಇಳಿಸಲ್ಲ ಅನ್ನೋದು ಬೇರೆ ಮಾತು.

ಇದರ ಒಳ್ಳೇ ಗುಣ ಎರಡು. ಒಂದು, ತುಂಡು ತುಂಡು ಜೋಡಿಸಿ ಅದೇ ಬಣ್ಣದ ಅಂಟು ಹಾಕಿ ಉಜ್ಜಿದ್ರೆ ಜಾಯಿಂಟ್ ಹುಡುಕಿದ್ರೂ ಕಾಣಲ್ಲ, ನೀರು ಒಳಗೆ ಇಳಿಯಲ್ಲ. ಸಿಂಕ್ ಸುತ್ತ ಕಪ್ಪು ಬೂಷ್ಟು ಕಟ್ಟೋ ಗೆರೆ ಇರುತ್ತಲ್ಲ, ಹಳೇ ಟೂತ್‌ಬ್ರಷ್ ಹಿಡ್ಕೊಂಡು ಉಜ್ಜೋದು, ಆ ಗೆರೆನೇ ಇರಲ್ಲ. ಎರಡು, ಬಣ್ಣ ಮೇಲಿನಿಂದ ಕೆಳಗಿನ ತನಕ ಒಂದೇ. ಮೇಲೆ ಬಳಿದಿದ್ದಲ್ಲ. ಗೀರು ಬಿದ್ರೆ ಉಜ್ಜಿ ತೆಗೀಬಹುದು. ಗ್ರಾನೈಟ್ ಅಂಚು ಹಾರಿಹೋದ್ರೆ ನಾವು ಮನೇಲಿ ಏನು ಮಾಡೋಕಾಗುತ್ತೆ ಹೇಳಿ?

3/7

ಈಗ ಬಿಸಿ ವಿಷಯ. ಇಲ್ಲೇ ನಮ್ಮ ಅಡುಗೆಗೂ ಆ ಫೋಟೋಗೂ ಜಗಳ ಬರೋದು.

ಅಕ್ರಿಲಿಕ್ ಸುಮಾರು 105 ಡಿಗ್ರಿ ಹತ್ತಿರ ಮೆತ್ತಗಾಗೋಕೆ ಶುರುವಾಗುತ್ತೆ. ಕುಕ್ಕರ್ ಸೀಟಿ ಹೊಡೀವಾಗ ಒಳಗಿನ ನೀರೇ ಸುಮಾರು 120 ಡಿಗ್ರಿ. ಪೂರಿ ಕರಿಯೋ ಎಣ್ಣೆ 180ರ ಆಸುಪಾಸು. ದೋಸೆ ಕಾವಲಿ ಬಗ್ಗೆ ಹೇಳೋದೇ ಬೇಡ. ಒಂದೇ ಸಲ ಇಟ್ಟ ತಕ್ಷಣ ಕಟ್ಟೆ ಕರಗಿ ಹರಿದುಹೋಗಲ್ಲ, ಪುಡಿ ಜಾಸ್ತಿ ಇರೋದ್ರಿಂದ ಸ್ವಲ್ಪ ತಡ್ಕೊಳ್ಳುತ್ತೆ. ಆದ್ರೆ ಆ ಜಾಗ ಮಾತ್ರ ಹಿಗ್ಗುತ್ತೆ, ಸುತ್ತಲಿನದು ಹಿಗ್ಗಲ್ಲ. ದಿನಾ ಹೀಗೇ ಆಗ್ತಿದ್ರೆ ಬಣ್ಣ ಬದಲಾದ ಒಂದು ವೃತ್ತ, ಇಲ್ಲಾಂದ್ರೆ ಒಂದು ಬಿರುಕು. ಬಿರುಕು ಸಾಮಾನ್ಯವಾಗಿ ಶುರುವಾಗೋದು ಹಾಬ್ ಕೂರಿಸೋಕೆ ಕತ್ತರಿಸಿದ ತೂತಿನ ಮೂಲೆಯಿಂದ. ಆ ಮೂಲೆ ಚೂಪಾಗಿ ಕತ್ತರಿಸಿದ್ರೆ ಅಪಾಯ ಜಾಸ್ತಿ. ದುಂಡಗೆ ಕತ್ತರಿಸಿ, ಅಂಚಿಗೆ ಶಾಖ ಹರಡೋ ಅಲ್ಯೂಮಿನಿಯಂ ಟೇಪ್ ಹಚ್ಚಬೇಕು. ಕೆಲಸದವರು ಅದನ್ನ ಮಾಡ್ತಾರಾ ಅಂತ ಮುಂಚೆನೇ ಕೇಳಿ, ಹಾಬ್ ಕೂರಿಸಿದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಪರಿಹಾರ ಹೊಸದೇನಲ್ಲ. ನಮ್ಮ ಅಜ್ಜಿಯಂದಿರು ಪಾತ್ರೆ ಕೆಳಗೆ ಸಿಂಬಿ ಇಡ್ತಿದ್ರು. ತೆಂಗಿನ ನಾರಿಂದೋ, ಹಳೇ ಸೀರೆ ತಿರುಚಿದ್ದೋ. ಸಾಲಿಡ್ ಸರ್ಫೇಸ್ ಹಾಕಿಸೋ ಮನೇಲಿ ಸಿಂಬಿ ಮತ್ತೆ ವಾಪಸ್ ಬರಬೇಕು, ಒಂದಲ್ಲ, ನಾಲ್ಕು. ಅನ್ನ ಬಸಿಯೋರು ಸಿಂಕಿಗೆ ಗಂಜಿ ಸುರಿಯುವಾಗ ತಣ್ಣೀರಿನ ನಲ್ಲಿ ಬಿಟ್ಟುಕೊಂಡೇ ಸುರೀಬೇಕು. ಸಿಂಕೂ ಅದೇ ವಸ್ತು ಅಲ್ವಾ.

ಈಗ ನೀವೇ ಹೇಳಿ. ಬೆಳಿಗ್ಗೆ ಏಳೂವರೆಗೆ ನಿಮ್ಮ ಕಾಲೇಜ್ ಬಸ್ಸು, ಅಪ್ಪನ ಆಫೀಸು, ಡಬ್ಬಿ ಮೂರು, ಒಂದು ಕಡೆ ಕುಕ್ಕರ್ ಮೂರನೇ ಸೀಟಿ. ಆ ಹೊತ್ತಲ್ಲಿ ಅಮ್ಮ ಇಕ್ಕಳದಲ್ಲಿ ಬಿಸಿ ಪಾತ್ರೆ ಹಿಡ್ಕೊಂಡು ಸಿಂಬಿ ಎಲ್ಲಿದೆ ಅಂತ ಹುಡುಕ್ತಾ ನಿಲ್ಲಬೇಕಾ? ಅವರು "ನನ್ನ ಕೈಲಾಗಲ್ಲ" ಅಂದ್ರೆ ಅದು ಹಳೇ ಕಾಲದವರ ಹಟ ಅಲ್ಲ. ಆ ಒಂದು ಮಾತಲ್ಲಿ ಇಡೀ ಟೆಕ್ನಿಕಲ್ ರಿಪೋರ್ಟ್ ಇದೆ.

4/7

ಕಲೆ, ಗೀರು. ಇದರ ಬಗ್ಗೆ ಜನ ಹೆದರೋದು ಜಾಸ್ತಿ, ಆದ್ರೆ ನಿಜವಾಗಿ ಸಾಲಿಡ್ ಸರ್ಫೇಸ್ ಗೆಲ್ಲೋದು ಇಲ್ಲೇ.

ಗೀರು ಬೀಳುತ್ತಾ? ಬೀಳುತ್ತೆ. ಚಾಕು ಇದಕ್ಕಿಂತ ಗಟ್ಟಿ, ಹೀಗಾಗಿ ಕಟ್ಟೆ ಮೇಲೇ ಈರುಳ್ಳಿ ಹೆಚ್ಚೋ ಅಭ್ಯಾಸ ಇದ್ರೆ ಬಿಡಬೇಕು. ಕಟ್ಟೆ ಅಂಚಿಗೆ ಕುಟ್ಟಿ ತೆಂಗಿನಕಾಯಿ ಒಡೆಯೋರು, ಲೋಟದ ತಳದಲ್ಲಿ ಬೆಳ್ಳುಳ್ಳಿ ಜಜ್ಜೋರು ಕೂಡ. ಆದ್ರೆ ಬಿದ್ದ ಸಣ್ಣ ಗೀರನ್ನ ಸ್ವಲ್ಪ ನೀರು, ಪಾತ್ರೆ ತೊಳೆಯೋ ಹಸಿರು ಸ್ಕ್ರಬ್ಬರ್ ತಗೊಂಡು ದುಂಡಗೆ ಉಜ್ಜಿದ್ರೆ ಮಾಯ. ಆಳವಾಗಿದ್ರೆ ನಯವಾದ ನೀರು ಪೇಪರ್, ಆಮೇಲೆ ಸ್ಕ್ರಬ್ಬರ್. ಒಂದೇ ಜಾಗದಲ್ಲಿ ತಿಕ್ಕಬೇಡಿ, ಅಲ್ಲಿ ಗುಣಿ ಬೀಳುತ್ತೆ. ಸುತ್ತಲೂ ಅಗಲವಾಗಿ ಉಜ್ಜಿ. ಇದು ಮ್ಯಾಟ್ ಫಿನಿಶ್ ಇದ್ರೆ ಮಾತ್ರ ಸುಲಭ. ಹೊಳೆಯೋ ಫಿನಿಶ್ ಇದ್ರೆ ಉಜ್ಜಿದ ಜಾಗ ಮಂಕಾಗಿ ಎದ್ದು ಕಾಣುತ್ತೆ. ಶೋರೂಮಲ್ಲಿ ಮುಂದೆ ಇಟ್ಟಿರೋದು ಹೊಳೆಯೋದೇ, ನೀವು ಕೇಳಬೇಕಾದ್ದು ಮ್ಯಾಟ್.

ಅರಿಶಿನಕ್ಕೆ ಬರೋಣ. ಕೆಮಿಸ್ಟ್ರಿ ಲ್ಯಾಬಲ್ಲಿ ಮಾಡಿದ್ದು ನೆನಪಿದ್ಯಾ? ಅರಿಶಿನ ಕ್ಷಾರಕ್ಕೆ ಸೇರಿದ್ರೆ ಕೆಂಪು. ಆರತಿ ತಟ್ಟೆಯ ಓಕುಳಿ ನೀರು ಕೆಂಪಾಗೋದು ಹೀಗೇ, ಅರಿಶಿನದ ನೀರಿಗೆ ಚೂರು ಸುಣ್ಣ. ಅದಕ್ಕೇ ಅರಿಶಿನ ಚೆಲ್ಲಿದ ಬಿಳಿ ಕಟ್ಟೆ ಮೇಲೆ ಬಟ್ಟೆ ಸೋಪು ಹಾಕಿ ಉಜ್ಜಿದ್ರೆ ಹಳದಿ ಹೋಗಿ ಕೆಂಪಾಗಿ ಎಲ್ಲರೂ ಗಾಬರಿ ಆಗ್ತಾರೆ. ಗಾಬರಿ ಬೇಡ. ಚೆಲ್ಲಿದ ಕೂಡ್ಲೇ ಒರೆಸಿ, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಸ್ಕ್ರಬ್ಬರಲ್ಲಿ ಉಜ್ಜಿ. ಉಳಿದ ಹಳದಿ ಬಿಸಿಲು ಬೀಳೋ ಕಡೆ ಇದ್ರೆ ತಾನೇ ಮಾಸುತ್ತೆ, ಅರಿಶಿನದ ಬಣ್ಣಕ್ಕೆ ಬೆಳಕು ಆಗಲ್ಲ. ಹಟ ಮಾಡಿದ್ರೆ ನೀರು ಬೆರೆಸಿದ ಬ್ಲೀಚ್ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೀರಿ. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಆಗಲಿ, ಯಾವುದೇ ಆಸಿಡ್ ಆಗಲಿ ಸೇರಿಸಲೇಬೇಡಿ. ವಿಷದ ಗ್ಯಾಸ್ ಬರುತ್ತೆ, ತಮಾಷೆ ಅಲ್ಲ. ಪೇಂಟ್ ರಿಮೂವರ್, ಸಿಂಕ್ ಕಟ್ಟಿಕೊಂಡಾಗ ಸುರಿಯೋ ಡ್ರೈನ್ ಕ್ಲೀನರ್, ಇವೆರಡೂ ಈ ಕಟ್ಟೆಯ ಶತ್ರುಗಳು.

ಬೋರ್‌ವೆಲ್ ನೀರಿನ ಊರವರಿಗೆ ಇನ್ನೊಂದು ಮಾತು. ಗಡಸು ನೀರು ಒಣಗಿದ್ರೆ ಬಿಳಿ ಪೊರೆ ಕಟ್ಟುತ್ತೆ, ಕಪ್ಪು ಕಟ್ಟೆ ಮೇಲೆ ಅದು ಬೂದಿ ಬಳಿದ ಹಾಗೆ ಕಾಣುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡೋದಲ್ಲ, ಆಮೇಲೆ ಒಣ ಬಟ್ಟೆಯಲ್ಲೂ ಒರೆಸಬೇಕು. ಬಣ್ಣ ಆರಿಸೋವಾಗ ಅಚ್ಚ ಬಿಳಿಯೂ ಬೇಡ, ಕಡುಗಪ್ಪೂ ಬೇಡ. ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಸಣ್ಣ ಚುಕ್ಕಿ ಇರೋ ತಿಳಿ ಬಣ್ಣ ಇದ್ಯಲ್ಲ, ಫೋಟೋದಲ್ಲಿ ಸಪ್ಪೆ. ಮನೇಲಿ ಅದರಷ್ಟು ಮಾನ ಕಾಪಾಡೋದು ಇನ್ನೊಂದಿಲ್ಲ.

5/7

"ಹಾಗಿದ್ರೆ ಕ್ವಾರ್ಟ್ಜ್ ಹಾಕಿಸ್ತೀವಿ, ಗೀರೂ ಬೀಳಲ್ಲ" ಅಂತ ಈಗಲೇ ಡಿಎಂ ಬರೀತಿರೋರಿಗೆ.

ಅಂಗಡಿಯ ಕ್ವಾರ್ಟ್ಜ್ ಅಂದ್ರೆ ಸುಮಾರು ನೂರಕ್ಕೆ ತೊಂಬತ್ತು ಭಾಗ ಸಿಲಿಕಾ ಕಲ್ಲಿನ ಪುಡಿ, ಉಳಿದದ್ದು ರಾಳ. ನಿಮ್ಮ ಅಡುಗೆಮನೇಲಿ ಕೂತ ಮೇಲೆ ಅದು ಯಾರಿಗೂ ಏನೂ ಮಾಡಲ್ಲ. ಆದ್ರೆ ಅದನ್ನ ಕತ್ತರಿಸೋ, ಉಜ್ಜೋ ಹುಡುಗರ ಶ್ವಾಸಕೋಶಕ್ಕೆ ಆ ಧೂಳು ಇಳಿದ್ರೆ ಸಿಲಿಕೋಸಿಸ್. ವಾಸಿಯಾಗದ ಕಾಯಿಲೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನೇ ನಿಷೇಧ ಮಾಡಿದೆ. ಗ್ರಾನೈಟಲ್ಲೂ ಸಿಲಿಕಾ ಇದೆ, ಆದ್ರೆ ಅಷ್ಟಿಲ್ಲ. ಸಾಲಿಡ್ ಸರ್ಫೇಸಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಂತ ಅದರ ಧೂಳು ಕುಡೀಬಹುದು ಅಂತಲ್ಲ, ಮಾಸ್ಕ್ ಅದಕ್ಕೂ ಬೇಕು.

ಜಿಗಣಿ ಕಡೆ ಹೋದ್ರೆ ಸಾಲು ಸಾಲು ಸ್ಲ್ಯಾಬ್ ನಿಲ್ಲಿಸಿರೋ ಅಂಗಡಿ, ಪಾಲಿಶ್ ಕಾರ್ಖಾನೆ ಕಾಣುತ್ತೆ. ಬೆಲೆ ಚೌಕಾಸಿ ಮಾಡೋವಾಗ ಒಂದು ಮಾತು ಸೇರಿಸಿ: "ಕಟಿಂಗ್ ನೀರು ಬಿಟ್ಟುಕೊಂಡೇ ಮಾಡಬೇಕು, ಮನೇಲಿ ಒಣ ಮಷೀನ್ ಹಚ್ಚೋದು ಬೇಡ." ನಮ್ಮದೇ ವಯಸ್ಸಿನ ಹುಡುಗ ಕರ್ಚೀಫ್ ಕಟ್ಟಿಕೊಂಡು ನಿಮ್ಮ ಹಾಲಲ್ಲಿ ಕೂತು ಗ್ರೈಂಡರ್ ಹಿಡಿದಿರ್ತಾನೆ. ಕರ್ಚೀಫ್ ಆ ಧೂಳನ್ನ ತಡೆಯಲ್ಲ.

6/7

ಕೊನೆಗೆ ಏನು ಹಾಕಿಸೋದು?

ನನ್ನ ಮಟ್ಟಿಗೆ ನಮ್ಮ ಅಡುಗೆಗೆ ಒಲೆ ಇರೋ ಭಾಗಕ್ಕೆ ಗ್ರಾನೈಟೇ ಸರಿ. ಇಳಕಲ್ ಕೆಂಪು, ಚಾಮರಾಜನಗರದ ಕಪ್ಪು ಇರೋ ರಾಜ್ಯದಲ್ಲಿ ಕೂತು ಬಿಸಿ ಕುಕ್ಕರ್‌ಗೆ ಹೆದರೋದ್ಯಾಕೆ? ಸಿಂಕ್ ಇರೋ ಕಡೆ, ನೀರು ನಿಲ್ಲೋ ಕಡೆ, ಚಪಾತಿ ಲಟ್ಟಿಸೋ ಕಡೆ ಸಾಲಿಡ್ ಸರ್ಫೇಸ್. ಎರಡೂ ಸೇರೋ ಜಾಗದಲ್ಲಿ ಒಂದು ಗೆರೆ ಕಾಣುತ್ತೆ. ಕಾಣಲಿ ಬಿಡಿ. ಇಂಟೀರಿಯರ್‌ನವರು ಮುಖ ಸಿಂಡರಿಸ್ತಾರೆ, ಅವರೇನು ಅಲ್ಲಿ ಸಾರು ಮಾಡಲ್ಲ.

ಪೂರ್ತಿ ಸಾಲಿಡ್ ಸರ್ಫೇಸೇ ಬೇಕು ಅಂದ್ರೆ ಕೇಳಬೇಕಾದ್ದನ್ನ ಕೇಳಿ. ಪೂರ್ತಿ ಅಕ್ರಿಲಿಕ್ಕಾ, ಇಲ್ಲ ಪಾಲಿಯೆಸ್ಟರ್ ಬೆರೆತಿದ್ಯಾ? ಪಾಲಿಯೆಸ್ಟರ್ ಅಗ್ಗ, ಆದ್ರೆ ಪೆಡಸು, ಬಿಸಿಲಿಗೆ ಬೇಗ ಹಳದಿಯಾಗುತ್ತೆ. ಉತ್ತರ ಬಾಯಲ್ಲಿ ಬೇಡ, ಬಿಲ್ಲಲ್ಲಿ ಬರೆಸಿಕೊಳ್ಳಿ. ಹಾಳೆ ಸಾಮಾನ್ಯವಾಗಿ 12 ಮಿಲಿಮೀಟರ್ ದಪ್ಪ ಅಷ್ಟೇ, ಅಂಚು ಮಾತ್ರ ಮಡಿಸಿ ದಪ್ಪ ತೋರಿಸಿರ್ತಾರೆ. ವೆಟ್ ಗ್ರೈಂಡರ್ ಎಲ್ಲಿ ಇಡ್ತೀರ ಅಂತ ಮೊದಲೇ ಹೇಳಿ, ಅದರ ಕೆಳಗೆ ಸರಿಯಾದ ಆಸರೆ ಕೊಡಿಸಿ.

ಸಿಂಕಿಗೆ, ಹಾಬಿಗೆ ಕತ್ತರಿಸಿ ತೆಗೆದ ತುಂಡು ಇರುತ್ತಲ್ಲ, ಅದನ್ನ ಕೆಲಸದವರು ಗಾಡೀಲಿ ಹಾಕ್ಕೊಂಡು ಹೋಗೋಕೆ ಬಿಡಬೇಡಿ. ಅಟ್ಟದ ಮೇಲಿಡಿ. ಮುಂದೆ ಕಟ್ಟೆ ಒಡೆದ್ರೆ ಅದೇ ಬ್ಯಾಚಿನ ಬಣ್ಣದ ತುಂಡು ಬೇಕು ತೇಪೆ ಹಾಕೋಕೆ. ಅಂಗಡಿಯ ಹೊಸ ಹಾಳೆಯ ಬಣ್ಣ ಕೂದಲೆಳೆಯಷ್ಟು ಬೇರೆ ಇದ್ರೂ ಕಣ್ಣಿಗೆ ಹೊಡೆಯುತ್ತೆ.

7/7

ಇಷ್ಟೆಲ್ಲ ಬರೆದಿದ್ದು ಯಾಕಂದ್ರೆ, ಹೊಸ ಕಟ್ಟೆ ಮೇಲೆ ಮೊದಲ ಕಲೆ ಬಿದ್ದ ದಿನ ಮನೆಗಳಲ್ಲಿ ಕೇಳಿಬರೋ ಮಾತು ಒಂದೇ: "ಅಷ್ಟು ದುಡ್ಡು ಹಾಕಿದ್ದೀವಿ, ಸ್ವಲ್ಪ ನೋಡ್ಕೊಂಡು ಇಟ್ಕೊಳ್ಳೋಕಾಗಲ್ವಾ?" ಈ ಮಾತು ಬೀಳೋದು ಅಮ್ಮನ ಮೇಲೆ, ಇಲ್ಲಾಂದ್ರೆ ಪಾತ್ರೆ ತೊಳೆಯೋಕೆ ಬರೋ ಅಕ್ಕನ ಮೇಲೆ. ಹತ್ತು ಗಂಟೆ ರಾತ್ರಿ ಮ್ಯಾಗಿ ಮಾಡಿ ಬಿಸಿ ಪಾತ್ರೆ ಅಲ್ಲೇ ಬಿಟ್ಟು ಹೋದವರ ಮೇಲೆ ಬೀಳಲ್ಲ. ಹೌದು, ನಿಮ್ಮ ಬಗ್ಗೆನೇ. ಬಿಳಿ ಕಟ್ಟೆ ಬೇಕಾದ್ರೆ ಸಿಂಬಿ ಇಡೋದು, ಒಣಗಿಸಿ ಒರೆಸೋದು, ತಿಂಗಳಿಗೊಮ್ಮೆ ಸ್ಕ್ರಬ್ಬರ್ ಹಿಡಿದು ಇಡೀ ಕಟ್ಟೆ ಉಜ್ಜೋದು, ಇದರಲ್ಲಿ ಯಾವುದು ನಿಮ್ಮದು ಅಂತ ಆರ್ಡರ್ ಕೊಡೋ ಮುಂಚೆ ಹೇಳಿ.

ಶೋರೂಮಿಂದ ಫೋಟೋ ಬೇಡ, ಸ್ಯಾಂಪಲ್ ತುಂಡು ಕೇಳಿ ತನ್ನಿ. ಅಂಗೈ ಅಗಲದ್ದು ಕೊಡ್ತಾರೆ. ಒಂದು ವಾರ ಈಗಿರೋ ಕಟ್ಟೆ ಮೇಲೇ ಇಡಿ. ಅರಿಶಿನ ಹಚ್ಚಿ ರಾತ್ರಿಯಿಡೀ ಬಿಡಿ, ಬೀಟ್‌ರೂಟ್ ಹೆಚ್ಚಿ, ಹುಣಸೆಹುಳಿ ಚೆಲ್ಲಿ, ಚಾಕುವಲ್ಲಿ ಎಳೆಯಿರಿ, ಬಿಸಿ ಕಾಫಿ ಪಾತ್ರೆ ಇಡಿ. ಆಮೇಲೆ ತೊಳೆಯೋ ಕೆಲಸ ನೀವೇ ಮಾಡಿ, ಅಮ್ಮ ಪಕ್ಕದಲ್ಲಿ ನಿಂತು ನೋಡಲಿ. ಅವರು ಏನಂತಾರೋ ಅದನ್ನೇ ಆರ್ಡರ್ ಮಾಡಿ.

ನಿಮ್ಮನೇಲಿ ಯಾವ ಕಟ್ಟೆ? ಕಡಪ ಕಲ್ಲು ಇನ್ನೂ ಇರೋರು ಫೋಟೋ ಹಾಕಿ, ನೋಡ್ಬೇಕು.

#ಅಡುಗೆಮನೆ #ಕಟ್ಟೆಪುರಾಣ #ಸಾಲಿಡ್‌ಸರ್ಫೇಸ್ #ಗ್ರಾನೈಟ್ #ಸಿಂಬಿ