ಅರ್ಥಪಟ್ಟಿಯಾಚೆಗಿನ ಇಂಗ್ಲಿಷ್ ಪದಕಲಿಕೆ

ಭೀಕರ ಭವಿಷ್ಯವನ್ನು ಚಿತ್ರಿಸುವ ‘ದಿ ಹಂಗರ್ ಗೇಮ್ಸ್’ (2008) ಬಗೆಯ ಸಾಹಸ ಕಾದಂಬರಿಗಳನ್ನೂ ತರ್ಕದ ಒಗಟುಗಳನ್ನೂ ಇಂಗ್ಲಿಷಿನಲ್ಲಿ ಓದಹೊರಡುವ ಶಿವಮೊಗ್ಗ, ಭದ್ರಾವತಿಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಮೊದಲ ತೊಡಕು ಪದಗಳದು. ಅರ್ಥಪಟ್ಟಿಯ ಕಂಠಪಾಠ ಇದಕ್ಕೆ ಪರಿಹಾರವಲ್ಲ. ಇಂತಹ ಕಥಾಲೋಕವನ್ನು ಹೆಸರಿಸುವ ‘ಡಿಸ್ಟೋಪಿಯಾ’ದಲ್ಲಿನ ಗ್ರೀಕ್ ‘ಡಿಸ್’, ನಮ್ಮ ‘ದುರ್ಗತಿ’, ‘ದುರ್ಭಿಕ್ಷ’ಗಳಲ್ಲಿರುವ ಸಂಸ್ಕೃತ ‘ದುರ್’ ಉಪಸರ್ಗದ ಸಜಾತೀಯ. ‘ಟೋಪೋಸ್’ ಎಂದರೆ ಸ್ಥಳ. ಇಷ್ಟು ತಿಳಿದರೆ ಪದ ಅಪರಿಚಿತವಾಗಿ ಉಳಿಯದು.

ಆದರೆ ಸಾಮ್ಯವನ್ನೇ ನಂಬುವಂತಿಲ್ಲ. ಒಗಟಿನ ‘ಇನ್‌ಫರೆನ್ಸ್’ಗೆ ನ್ಯಾಯಶಾಸ್ತ್ರದ ‘ಅನುಮಾನ’ ಸರಿಹೊಂದುತ್ತದೆ. ಆಡುಗನ್ನಡದಲ್ಲಿ ಅದೇ ಪದಕ್ಕೆ ಸಂಶಯವೆಂಬ ಅರ್ಥ. ಸುಳಿವುಗಳಿಂದ ನಿರ್ಣಯಕ್ಕೆ ಬರಬೇಕಾದ ವಿದ್ಯಾರ್ಥಿ ಸಂಶಯದಲ್ಲೇ ನಿಲ್ಲಬಹುದು. ಈ ವ್ಯತ್ಯಾಸವನ್ನು ತೋರಿಸಬಲ್ಲವರು ಕನ್ನಡ ಅಧ್ಯಾಪಕರು. ಆದ್ದರಿಂದ ಪದಕಲಿಕೆಯನ್ನು ಇಂಗ್ಲಿಷ್ ವಿಭಾಗದ ಹೊಣೆಯೆಂದಷ್ಟೇ ನಾವು ಭಾವಿಸುವುದು ಉಚಿತವಲ್ಲ.