ಅರ್ಥಶಾಸ್ತ್ರ ಓದಿದರೆ ಅನ್ನ ಸಿಗುವುದೇ?

ದೇಶ ಬಿಟ್ಟು ಅಮೆರಿಕೆಗೆ ಬಂದು ನೆಲೆಸಿದ ನಮ್ಮ ಪೀಳಿಗೆಯ ಬಹುಪಾಲು ಕನ್ನಡಿಗರಿಗೆ ಮಕ್ಕಳ ವಿದ್ಯಾಭ್ಯಾಸವೆಂದರೆ ಕಣ್ಣಿಗೆ ಕಾಣುವುದು ಎರಡೇ ದಾರಿ. ಒಂದು ವೈದ್ಯಕೀಯ, ಇನ್ನೊಂದು ಎಂಜಿನಿಯರಿಂಗ್. ಈ ಎರಡನೆಯ ದಾರಿಯೂ ಇತ್ತೀಚಿನ ವರ್ಷಗಳಲ್ಲಿ ಕಿರಿದಾಗುತ್ತ ಬಂದು ಕಂಪ್ಯೂಟರ್ ವಿಜ್ಞಾನವೆಂಬ ಒಂದೇ ಓಣಿಯಾಗಿ ಉಳಿದಿದೆ. ಹೀಗಿರುವಾಗ ಮಗನೋ ಮಗಳೋ "ನಾನು ಅರ್ಥಶಾಸ್ತ್ರ ಓದುತ್ತೇನೆ" ಎಂದರೆ ಮನೆಯಲ್ಲಿ ಮೌನ ಕವಿಯುತ್ತದೆ. ಆ ಮೌನವನ್ನು ಮುರಿದು ಬರುವ ಮೊದಲ ಪ್ರಶ್ನೆ, "ಅದನ್ನು ಓದಿದರೆ ಕೆಲಸ ಸಿಗುತ್ತದೆಯೇ?" ಎಂಬುದು. ಪ್ರಶ್ನೆ ಸಹಜವಾದುದೇ. ನಾಲ್ಕು ವರ್ಷಗಳ ಕಾಲೇಜು ಶುಲ್ಕ ಜೀವಮಾನದ ಉಳಿತಾಯವನ್ನೇ ನುಂಗಬಲ್ಲ ಈ ದೇಶದಲ್ಲಿ ಅದನ್ನು ಕೇಳುವುದು ತಾಯ್ತಂದೆಯರ ಹಕ್ಕು. ಆದರೆ ಉತ್ತರವನ್ನು ಹುಡುಕುವ ಮೊದಲೇ "ಅದು ಆರ್ಟ್ಸ್, ಬೇಡ" ಎಂದು ತಳ್ಳಿಹಾಕುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ನಾನು ಅರ್ಥಶಾಸ್ತ್ರಜ್ಞೆಯಲ್ಲ, ಗೃಹಿಣಿ. ಮೈಸೂರಿನಲ್ಲಿ ಇತಿಹಾಸ, ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರಗಳನ್ನು ಐಚ್ಛಿಕ ವಿಷಯಗಳಾಗಿ ತೆಗೆದುಕೊಂಡು ಬಿ.ಎ. ಮಾಡಿದವಳು. "ಎಚ್.ಇ.ಪಿ." ಎಂದು ನಾವು ಕರೆಯುತ್ತಿದ್ದ ಆ ತರಗತಿಯಲ್ಲಿ ಬೇಡಿಕೆ ಮತ್ತು ಪೂರೈಕೆಯ ರೇಖೆಗಳನ್ನು ಎಳೆದು, ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದರೆ ಪ್ರಥಮ ದರ್ಜೆ ಬರುತ್ತಿತ್ತು. ಗಣಿತದ ಸೋಂಕೂ ಇರಲಿಲ್ಲ. ನಮ್ಮ ಹಿರಿಯರ ಅಳುಕಿನ ಮೂಲ ಇಲ್ಲಿದೆ. ಅವರ ಮನಸ್ಸಿನಲ್ಲಿ ಇಂದಿಗೂ ಇರುವುದು ಆ ಹಳೆಯ ಅರ್ಥಶಾಸ್ತ್ರ. ಇಂದಿನ ವಿಶ್ವವಿದ್ಯಾಲಯಗಳಲ್ಲಿ ಆ ವಿಷಯ ಕಲನಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್‌ಗಳ ನೆರವಿನಿಂದ ನಡೆಯುವ ಬೇರೆಯೇ ಒಂದು ವಿದ್ಯೆಯಾಗಿ ಬೆಳೆದಿದೆ.

ಅಂಕಿಅಂಶಗಳು ಏನು ಹೇಳುತ್ತವೆ ನೋಡೋಣ. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕು 2025ರಲ್ಲಿ ಪ್ರಕಟಿಸಿದ, 2023ರ ಜನಗಣತಿ ಇಲಾಖೆಯ ಮಾಹಿತಿಯನ್ನು ಆಧರಿಸಿದ ಪಟ್ಟಿಯ ಪ್ರಕಾರ, ಹೊಸದಾಗಿ ಪದವಿ ಪಡೆದವರಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದವರ ನಿರುದ್ಯೋಗ ಶೇಕಡ 6.1, ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರದು ಶೇಕಡ 7.5. ಅರ್ಥಶಾಸ್ತ್ರ ಓದಿದವರದು ಶೇಕಡ 4.9. 2022ರ ಕೊನೆಯಿಂದ ದೊಡ್ಡ ದೊಡ್ಡ ತಂತ್ರಜ್ಞಾನ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳುಹಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ರಾಜಮಾರ್ಗವೆಂದು ನಂಬಿದ ದಾರಿಯಲ್ಲೂ ಹಳ್ಳಗಳಿವೆ, ಕಾಡುದಾರಿಯೆಂದು ಹೆದರಿದ ಕಡೆಯೂ ಜನ ನಡೆದಾಡುತ್ತಿದ್ದಾರೆ.

ಹಾಗೆಂದು ಅರ್ಥಶಾಸ್ತ್ರದ ಪದವಿ ಕೈಗೆ ಬಂದೊಡನೆ ಕೆಲಸ ಬಾಗಿಲು ತಟ್ಟುತ್ತದೆಂದು ನಾನು ಹೇಳಲಾರೆ. ಎಂಜಿನಿಯರಿಂಗ್ ಓದಿದವನು ಎಂಜಿನಿಯರ್ ಆಗುವಂತೆ ಅರ್ಥಶಾಸ್ತ್ರ ಓದಿದವನು ಅರ್ಥಶಾಸ್ತ್ರಜ್ಞನಾಗುವುದಿಲ್ಲ. ಇಡೀ ಅಮೆರಿಕೆಯಲ್ಲಿ "ಅರ್ಥಶಾಸ್ತ್ರಜ್ಞ" ಎಂಬ ಹೆಸರಿನ ಹುದ್ದೆಗಳು ಸುಮಾರು 17-18 ಸಾವಿರ ಮಾತ್ರ. ಅವಕ್ಕೂ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯೋ ಡಾಕ್ಟರೇಟೋ ಬೇಕು. ಬರಿಯ ಬಿ.ಎ. ಪಡೆದವರ ಉದ್ಯೋಗಗಳು ಬೇರೆ ಬೇರೆ ಹೆಸರುಗಳ ಹಿಂದೆ ಅಡಗಿರುತ್ತವೆ: ಬ್ಯಾಂಕಿನಲ್ಲಿ ಸಾಲದ ಅಪಾಯವನ್ನು ಅಳೆಯುವವರು, ವಿಮಾ ಕಂಪನಿಯಲ್ಲಿ ದರ ನಿಗದಿ ಮಾಡುವವರು, ಆಸ್ಪತ್ರೆಗಳ ಖರ್ಚುವೆಚ್ಚವನ್ನು ವಿಶ್ಲೇಷಿಸುವವರು, ಕಂಪನಿಗಳ ವಿಲೀನದ ಮೊಕದ್ದಮೆಗಳಲ್ಲಿ ವಕೀಲರಿಗೆ ಲೆಕ್ಕ ಒದಗಿಸುವ ಸಲಹೆಗಾರರು. ಫೆಡರಲ್ ರಿಸರ್ವ್ ವ್ಯವಸ್ಥೆಯ 12 ಪ್ರಾದೇಶಿಕ ಬ್ಯಾಂಕುಗಳು ಹೊಸ ಪದವೀಧರರನ್ನು ಸಾಮಾನ್ಯವಾಗಿ ಎರಡು ವರ್ಷಗಳ ಮಟ್ಟಿಗೆ ಸಂಶೋಧನ ಸಹಾಯಕರನ್ನಾಗಿ ತೆಗೆದುಕೊಳ್ಳುತ್ತವೆ. ಮುಂದೆ ಡಾಕ್ಟರೇಟ್ ಮಾಡಬಯಸುವವರಿಗೆ ಅದು ಒಳ್ಳೆಯ ಮೆಟ್ಟಿಲು.

ಈ ಎಲ್ಲ ಬಾಗಿಲುಗಳಿಗೂ ಬೀಗದ ಕೈ ಬಹುಮಟ್ಟಿಗೆ ಒಂದೇ, ಅದು ಗಣಿತ. ಮೊದಲ ಎರಡು ವರ್ಷಗಳಲ್ಲಿ ಕಲನಶಾಸ್ತ್ರ, ಸಂಖ್ಯಾಶಾಸ್ತ್ರ, ಬಳಿಕ ಎಕನಾಮೆಟ್ರಿಕ್ಸ್, ಜೊತೆಗೆ ಪೈಥಾನ್, ಆರ್, ಸ್ಟೇಟಾ ಇವುಗಳಲ್ಲಿ ಒಂದರ ಪರಿಚಯ, ಬೇಸಿಗೆಯ ರಜೆಯಲ್ಲಿ ಎಲ್ಲಾದರೂ ತರಬೇತಿ. ಇಷ್ಟಿದ್ದರೆ ಆ ಪದವಿಗೆ ಬೆಲೆಯಿದೆ. ಇವಿಲ್ಲದೆ ಸುಲಭವಾದ ತರಗತಿಗಳನ್ನೇ ಆರಿಸಿಕೊಂಡು ಪಡೆದ ಪದವಿ ಊಟಕ್ಕಿಲ್ಲದ ಉಪ್ಪಿನಕಾಯಿಯಾಗುವ ಅಪಾಯವಿದೆ. ಆದುದರಿಂದ ಮಕ್ಕಳನ್ನು ಕೇಳಬೇಕಾದ ಪ್ರಶ್ನೆ "ಅರ್ಥಶಾಸ್ತ್ರ ಏಕೆ?" ಎಂಬುದಲ್ಲ, "ಎಂತಹ ಅರ್ಥಶಾಸ್ತ್ರ?" ಎಂಬುದು.

ಕರ್ನಾಟಕದಿಂದ ಇಲ್ಲಿಗೆ ಓದಲು ಬರುವ ನಮ್ಮ ಬಂಧುಗಳ ಮಕ್ಕಳಿಗಂತೂ ಈ ಪ್ರಶ್ನೆ ಇನ್ನೂ ಮುಖ್ಯವಾದುದು. ವಿದ್ಯಾರ್ಥಿ ವೀಸಾದ ಮೇಲೆ ಬಂದವರಿಗೆ ಪದವಿಯ ನಂತರ ಕೆಲಸ ಮಾಡಲು 12 ತಿಂಗಳ ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನ, ಗಣಿತಗಳ ಪಟ್ಟಿಗೆ ಸೇರಿದ ಪದವಿಯಾದರೆ 2016ರ ನಿಯಮದಂತೆ ಇನ್ನೂ 24 ತಿಂಗಳು ದೊರೆಯುತ್ತದೆ. ಸಾಮಾನ್ಯ ಅರ್ಥಶಾಸ್ತ್ರ ಆ ಪಟ್ಟಿಯಲ್ಲಿಲ್ಲ, "ಎಕನಾಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರ" ಇದೆ. ಇದನ್ನರಿತ ಅನೇಕ ವಿಶ್ವವಿದ್ಯಾಲಯಗಳು ತಮ್ಮ ಪದವಿಯ ವರ್ಗಸಂಖ್ಯೆಯನ್ನೇ ಬದಲಿಸಿಕೊಂಡಿವೆ. ಪಾಠ ಹೆಚ್ಚು ಕಡಿಮೆ ಒಂದೇ ಆದರೂ ಒಂದು ಸಂಖ್ಯೆಯ ವ್ಯತ್ಯಾಸದಿಂದ ವಿದ್ಯಾರ್ಥಿಯ ಎರಡು ವರ್ಷಗಳ ಭವಿಷ್ಯ ನಿರ್ಧಾರವಾಗುತ್ತದೆ. ಪ್ರವೇಶಕ್ಕೆ ಮುಂಚೆ ಅದನ್ನು ವಿಚಾರಿಸುವಂತೆ ನಾವು ಊರಿನವರಿಗೆ ತಿಳಿಸಬೇಡವೇ?

ಊರಿನಲ್ಲಿಯೂ ಪರಿಸ್ಥಿತಿ ಬದಲಾಗಿದೆ. ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರಗಳನ್ನು ಒಟ್ಟಿಗೆ ಕಲಿಸುವ ಕಾಲೇಜುಗಳು ಬೆಂಗಳೂರಿನಲ್ಲಿವೆ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಅಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ ಇದೆ. 2017ರಲ್ಲಿ ಡಾ. ಅಂಬೇಡ್ಕರ್ ಅವರ ಹೆಸರಿನಲ್ಲಿ ಅರ್ಥಶಾಸ್ತ್ರ ಶಾಲೆಯೊಂದು ಆರಂಭವಾಯಿತು. ಸ್ನಾತಕೋತ್ತರ ಪದವೀಧರರಿಗೆ 1961ರಲ್ಲಿ ಸ್ಥಾಪನೆಯಾದ ಭಾರತೀಯ ಆರ್ಥಿಕ ಸೇವೆ ಇದೆ. ಮೈಸೂರಿನಲ್ಲಿ ಶಾಲೆಗೆ ಹೋದ ಗೀತಾ ಗೋಪಿನಾಥ್ 2019ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞೆಯಾದರು. ಮೈಸೂರಿಗೆ ಈ ಶಾಸ್ತ್ರ ಹೊಸದೇನೂ ಅಲ್ಲ. ಕೌಟಿಲ್ಯನ "ಅರ್ಥಶಾಸ್ತ್ರ"ದ ಓಲೆಗರಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು ಅಲ್ಲಿನ ಓರಿಯೆಂಟಲ್ ಗ್ರಂಥಾಲಯದವರೇ ಅಲ್ಲವೇ?

ಈ ವಿಚಾರದಲ್ಲಿ ನಾನು ಇಷ್ಟು ಆಸಕ್ತಿ ವಹಿಸಲು ಇನ್ನೊಂದು ಕಾರಣವಿದೆ. ನನ್ನಂತೆ ಪತಿಯ ಹಿಂದೆ ಬಂದ ಎಷ್ಟೋ ಹೆಣ್ಣುಮಕ್ಕಳ ಪದವಿಪತ್ರಗಳು ಪೆಟ್ಟಿಗೆಯ ತಳದಲ್ಲಿ ಸೀರೆಗಳ ಕೆಳಗೆ ಉಳಿದುವು. ಎಚ್-4 ವೀಸಾದವರಿಗೆ ದುಡಿಯುವ ಅವಕಾಶ 2015ರವರೆಗೂ ಇರಲಿಲ್ಲ. ಆಮೇಲೆ ಬಂದದ್ದೂ ಕೆಲವರಿಗೆ ಮಾತ್ರ. ಮನೆಯಲ್ಲಿ ನಾವು ಮಾಡುವ ದುಡಿಮೆ ರಾಷ್ಟ್ರೀಯ ಉತ್ಪನ್ನದ ಲೆಕ್ಕಕ್ಕೆ ಸೇರುವುದಿಲ್ಲವೆಂದು ನಾವೇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆವು! ಹೆಂಗಸರ ದುಡಿಮೆ ಮತ್ತು ಗಳಿಕೆಯ ಇನ್ನೂರು ವರ್ಷಗಳ ದಾಖಲೆಗಳನ್ನು ಹುಡುಕಿ ಅಧ್ಯಯನ ಮಾಡಿದ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಾಗ, ನಾನು ಓದಿದ ವಿಷಯ ಕೊನೆಗೂ ನನ್ನ ಅಡಿಗೆಮನೆಯವರೆಗೆ ಬಂದಿತೆಂದು ಸಂತೋಷಪಟ್ಟೆ. ಆ ವಿಷಯವನ್ನು ಪ್ರೀತಿಯಿಂದ ಆರಿಸಿಕೊಂಡ ಹುಡುಗಿಯೊಬ್ಬಳು ನಮ್ಮ ಕನ್ನಡ ಕೂಟದಲ್ಲಿ ಕೇಳಿದವರಿಗೆಲ್ಲ "ಡೇಟಾ ಸೈನ್ಸ್" ಎಂದು ಸುಳ್ಳು ಹೇಳುತ್ತಿದ್ದುದನ್ನು ಕಂಡು ಅಷ್ಟೇ ದುಃಖವಾಯಿತು. ಓದಿದ್ದನ್ನು ಬಚ್ಚಿಡಬೇಕಾದ ಮಗು ಕೆಲಸ ಹುಡುಕುವಾಗ ತಲೆಯೆತ್ತಿ ಮಾತನಾಡುವುದಾದರೂ ಹೇಗೆ? ಪರಿಚಯಸ್ಥರ ಮೂಲಕವೇ ಅನೇಕ ಉದ್ಯೋಗಗಳು ದೊರೆಯುವ ಈ ದೇಶದಲ್ಲಿ, ತನ್ನವರ ನಡುವೆಯೇ ತನ್ನ ವಿಷಯವನ್ನು ಹೇಳಿಕೊಳ್ಳಲಾರದವಳಿಗೆ ನೆರವಾಗುವವರು ಯಾರು?

ಸಮ್ಮೇಳನಕ್ಕೆ ಆಗಮಿಸಿರುವ ಪ್ರತಿನಿಧಿಗಳಲ್ಲಿ ನನ್ನ ವಿನಂತಿ ಇಷ್ಟೆ. ಬ್ಯಾಂಕು, ವಿಮೆ, ಆರೋಗ್ಯ, ಸರ್ಕಾರಿ ಇಲಾಖೆಗಳಲ್ಲಿ ದುಡಿಯುತ್ತಿರುವ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದಾರೆ. ವೈದ್ಯರಿಗೆ, ಉದ್ಯಮಿಗಳಿಗೆ ಪ್ರತ್ಯೇಕ ಗೋಷ್ಠಿಗಳಿರುವಂತೆ, ಎರಡು ವರ್ಷಕ್ಕೊಮ್ಮೆ ನಡೆಯುವ ಈ ಹಬ್ಬದಲ್ಲಿ ಇಂತಹವರನ್ನೂ ನಮ್ಮ ಕಾಲೇಜು ಮಕ್ಕಳನ್ನೂ ಒಂದು ಗಂಟೆಯ ಮಟ್ಟಿಗೆ ಎದುರು ಬದುರು ಕೂರಿಸೋಣ. ಯಾವ ವರ್ಷ ಯಾವ ವಿಷಯ ತೆಗೆದುಕೊಳ್ಳಬೇಕು, ಬೇಸಿಗೆಯಲ್ಲಿ ಎಲ್ಲಿಗೆ ಅರ್ಜಿ ಹಾಕಬೇಕು ಎಂಬ ನಾಲ್ಕು ಮಾತುಗಳನ್ನು ಬಲ್ಲವರ ಬಾಯಿಂದ ಕೇಳಿದರೆ ಅವರಿಗೆ ದಾರಿ ಕಂಡೀತು. ದಾರಿ ಕಂಡ ಮೇಲೆ ನಡೆಯುವ ಶಕ್ತಿ ಅವರಿಗಿದೆ. ಊಟದ ಪಂಕ್ತಿಯಲ್ಲಿ ಪಕ್ಕದ ಮಗು "ನಾನು ಅರ್ಥಶಾಸ್ತ್ರ ಓದುತ್ತಿದ್ದೇನೆ" ಎಂದಾಗ "ಹೌದೇ? ಅದರಲ್ಲಿ ಯಾವ ಭಾಗ?" ಎಂದು ಕೇಳುವ ಸೌಜನ್ಯವನ್ನು ನಾವು ಈ ಸಮ್ಮೇಳನದಿಂದಲೇ ಆರಂಭಿಸಬಹುದು.